ಒಂದೇ ಜಾಗ, 20 ನಿಮಿಷ

ಕನ್ನಡ ನಾಡಿನ ಹೊರಗೆ ನಾವಿರುವ ಈ ನಗರದ ದಿನನಿತ್ಯದ ಬಗ್ಗೆ ನಮ್ಮ ಪತ್ರಿಕೆಗೆ ಬರೆಯಿರಿ ಎಂದರೆ, ಬರುವ ಬರಹಗಳಲ್ಲಿ ಹೆಚ್ಚಿನವು ಮೊದಲ ಪ್ಯಾರಾದಲ್ಲಿ ಇಲ್ಲಿರುತ್ತವೆ, ಎರಡನೆಯದರಲ್ಲಿ ಊರಿಗೆ ಹೊರಟುಬಿಡುತ್ತವೆ. ಊರಿನ ನೆನಪು ತಪ್ಪಲ್ಲ. ಆದರೆ ವರ್ಷಗಟ್ಟಲೆ ದಿನಾ ಹತ್ತಿಳಿಯುವ ಬಸ್ಸಿನ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ಇಲ್ಲದಿದ್ದರೆ, ಬದುಕಿನ ಅಷ್ಟು ಭಾಗ ನಮ್ಮ ಭಾಷೆಗೆ ಸೇರದೆಯೇ ಹೋಗುತ್ತದೆ. ಅದಕ್ಕಾಗಿ ಮುಂದಿನ ಸಂಚಿಕೆಯಿಂದ ಒಂದು ಪುಟ ಮೀಸಲಿಡುತ್ತಿದ್ದೇವೆ.

ಇಡೀ ನಗರವನ್ನು ಹಿಡಿಯಲು ಹೋಗಬೇಡಿ. ಬಸ್ ನಿಲ್ದಾಣ, ಲಿಫ್ಟ್, ಗ್ರಂಥಾಲಯದ ಮೂಲೆ, ಯಾವುದಾದರೂ ಒಂದನ್ನು ಆರಿಸಿ 20 ನಿಮಿಷ ಅಲ್ಲಿರಿ. ಮೊದಲ ಐದು ನಿಮಿಷ ಕಾಣುವುದು ಎಲ್ಲರಿಗೂ ಗೊತ್ತಿರುವುದೇ. ಆಮೇಲೆ ನಿಧಾನವಾಗಿ ಬೇರೆಯದು ಕಾಣತೊಡಗುತ್ತದೆ: ಸೀಟು ಖಾಲಿಯಿದ್ದರೂ ನಿಂತೇ ಇರುವವರು, ಲಿಫ್ಟಿನಲ್ಲಿ ಅಂಕಿ ಸವೆದುಹೋದ ಒಂದೇ ಒಂದು ಗುಂಡಿ. ಕಂಡದ್ದನ್ನು ಅಲ್ಲೇ ಗುರುತು ಹಾಕಿಕೊಂಡು ಅದೇ ದಿನ ಬರೆಯಿರಿ. ನಾಲ್ಕು ದಿನ ಬಿಟ್ಟರೆ ಕಂಡದ್ದು ಮಾಸಿ ಅಭಿಪ್ರಾಯವಷ್ಟೇ ಉಳಿಯುತ್ತದೆ. ‘ಯಾಂತ್ರಿಕ ಬದುಕು’, ‘ಕಾಂಕ್ರೀಟ್ ಕಾಡು’ ಎಂಬ ಮಾತುಗಳು ನುಸುಳುವುದು ಆಗಲೇ.

ದಿನನಿತ್ಯದ ಬದುಕನ್ನು ದಾಖಲಿಸಲು ಬ್ರಿಟನ್ನಿನಲ್ಲಿ 1937ರಲ್ಲಿ ಶುರುವಾದ ಮಾಸ್ ಅಬ್ಸರ್ವೇಶನ್ ಎಂಬ ಸಂಸ್ಥೆ ಸಾಮಾನ್ಯ ಜನರಿಂದ ಇಂಥದ್ದನ್ನೇ ಬರೆಸಿತು. ಆ ವರ್ಷದ ಮೇ 12, ಆರನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ದಿನ, ತಮ್ಮ ತಮ್ಮ ದಿನ ಹೇಗೆ ಕಳೆಯಿತೆಂದು ಅವರು ದಾಖಲಿಸಿದರು. ಮೆರವಣಿಗೆಯ ವರದಿ ಪತ್ರಿಕೆಗಳಲ್ಲಿ ಹೇಗೂ ಬರುತ್ತಿತ್ತು. ಮನೆಯೊಳಗೆ, ಬೀದಿಯಲ್ಲಿ ಜನ ಆಡಿಕೊಂಡ ಮಾತು ಇಂಥ ದಿನಚರಿಗಳಿಲ್ಲದೆ ಸಿಗುವಂಥದ್ದಲ್ಲ.

ಹೆಚ್ಚು ಎಡವುವುದು ಮಾತುಕತೆಯಲ್ಲಿ. ಇಲ್ಲಿನವರು ಆಡುವುದು ಬೇರೆ ಭಾಷೆ. ಅದನ್ನು ಕನ್ನಡಕ್ಕೆ ತರುವಾಗ ಚಾಲಕ “ದಯವಿಟ್ಟು ಹಿಂದಕ್ಕೆ ಸರಿಯಿರಿ ಎಂದು ಕೋರುತ್ತೇನೆ” ಎಂದುಬಿಡುತ್ತಾನೆ. ಯಾವ ಚಾಲಕನೂ ಹಾಗೆ ಮಾತಾಡುವುದಿಲ್ಲ. ‘ಇನ್ನೂ ಹಿಂದೆ ಹೋಗಬೇಕಂತೆ’ ಎಂದು ಬರೆದರೆ ಅವನ ಮಾತೂ ಬಂತು, ಕೇಳಿಸಿಕೊಂಡವರ ಬೇಸರವೂ ಬಂತು. ‘ಅಂತೆ’ಯಂಥ ಸಲಕರಣೆ ನಮ್ಮ ಕೈಯಲ್ಲಿರುವಾಗ ಅದನ್ನು ಧಾರಾಳವಾಗಿ ಬಳಸಿ. ಸದ್ದಿಗೂ ಅಷ್ಟೇ: ರೈಲಿನ ಬಾಗಿಲು ‘ಸರ್ರನೆ’ ಸರಿದರೆ ಸಾಕು, ‘ಸ್ವಯಂಚಾಲಿತವಾಗಿ ಮುಚ್ಚಿಕೊಳ್ಳುವುದು’ ಬೇಡ.

ಇದಕ್ಕಿಂತ ಸೂಕ್ಷ್ಮವಾದದ್ದು ಬಹುವಚನ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’. ಕನ್ನಡದಲ್ಲಿ ನೀನೋ ನೀವೋ, ಅವಳೋ ಅವರೋ ಎಂದು ತೀರ್ಮಾನಿಸದೆ ಒಂದು ವಾಕ್ಯವನ್ನೂ ಮುಗಿಸಲಾಗದು. ವೈದ್ಯರು ‘ಬಂದರು’, ಕಸ ಒಯ್ಯುವವನು ‘ಬಂದ’ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಮೇಲೆ ನಮ್ಮ ಉದಾಹರಣೆಯಲ್ಲಿ ಚಾಲಕನೂ ಏಕವಚನದಲ್ಲೇ ಬಂದಿದ್ದಾನೆ, ನೋಡಿ. ಸಲುಗೆಯಿಂದ ಬಂದ ಏಕವಚನ ಇರಲಿ. ಕೆಲಸ ನೋಡಿ ಬಂದದ್ದಾದರೆ ತಿದ್ದಿ.

ಬರಹ 400 ಪದ ಮೀರದಿರಲಿ. ನೆರೆಯವರ ಹೆಸರು, ಮನೆ ನಂಬರು ಬದಲಿಸಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ಆನ್ಸಿ ಫಾಂಟಿನಲ್ಲಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣಿಸುತ್ತವೆ. ಟೈಪಿಂಗ್ ಬಾರದವರು ಕೈಬರಹದ ಫೋಟೊ ಕಳಿಸಿ, ನಾವು ಟೈಪ್ ಮಾಡಿಕೊಳ್ಳುತ್ತೇವೆ.