ಮಹಾಯೋಜನೆಯ ಕೆಲಸ ವಾರ್ಡಿನಿಂದ ಆರಂಭವಾಗಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಯಾವ ಬೀದಿಯಲ್ಲಿ ಅಂಗಡಿ ತೆರೆಯಬಹುದು, ಎಲ್ಲಿ ಮನೆ ಮಾತ್ರ ಕಟ್ಟಬಹುದು, ಯಾವ ಬಯಲು ಬಯಲಾಗಿಯೇ ಉಳಿಯಬೇಕು ಎಂಬುದಕ್ಕೆ ಇಂದಿಗೂ ಆಧಾರವಾಗಿರುವುದು 2015ನೇ ಇಸವಿಯನ್ನು ಗುರಿಯಾಗಿಟ್ಟುಕೊಂಡು ರೂಪಿಸಿ 2007ರ ಜೂನ್‌ನಲ್ಲಿ ಜಾರಿಗೆ ತಂದ ಪರಿಷ್ಕೃತ ಮಹಾಯೋಜನೆ. ಹತ್ತು ವರ್ಷಕ್ಕೊಮ್ಮೆಯಾದರೂ ಹೊಸದಾಗಿ ಸರ್ವೆ ನಡೆಸಿ ಯೋಜನೆಯನ್ನು ಪರಿಷ್ಕರಿಸುವ ಕ್ರಮವನ್ನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೇ ಹೇಳಿದೆ. 2031ಕ್ಕಾಗಿ ಸಿದ್ಧವಾದ ಕರಡು 2017ರ ನವೆಂಬರಿನಲ್ಲಿ ಪ್ರಕಟವಾಯಿತು. ಆಕ್ಷೇಪಣೆ ಸಲ್ಲಿಸಲು 60 ದಿನ ಕೊಟ್ಟರು. 2020ರಲ್ಲಿ ಸರ್ಕಾರ ಅದನ್ನು ಹಿಂಪಡೆಯಿತು.

ಯೋಜನೆ ನಿಂತಿತೆಂದು ನಗರ ನಿಲ್ಲುವುದಿಲ್ಲ. 2001ರ ಜನಗಣತಿಯಲ್ಲಿ ಸುಮಾರು 57 ಲಕ್ಷ ಇದ್ದ ಬೆಂಗಳೂರಿನ ಜನಸಂಖ್ಯೆ 2011ರ ಹೊತ್ತಿಗೆ 85 ಲಕ್ಷ ತಲುಪಿತ್ತು. ಅನುಮೋದನೆಯಿಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ ಕಂದಾಯ ನಿವೇಶನಗಳು, ಅಂಥ ಆಸ್ತಿಗಳಿಗೆ ಪಾಲಿಕೆ ಪ್ರತ್ಯೇಕ ವಹಿಯಲ್ಲಿ ಬರೆದುಕೊಂಡ ಬಿ-ಖಾತೆಗಳು ಬೆಳೆದದ್ದು, ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಕ್ರಮಬದ್ಧಗೊಳಿಸುವ ಅಕ್ರಮ-ಸಕ್ರಮ ಯೋಜನೆ 2017ರಿಂದ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಸಿಲುಕಿದ್ದು, ಎಲ್ಲವೂ ಕಾಗದದ ಮೇಲಿನ ನಗರಕ್ಕೂ ನೆಲದ ಮೇಲಿನ ನಗರಕ್ಕೂ ಇರುವ ಅಂತರದಿಂದ ಹುಟ್ಟಿದ ಕಷ್ಟಗಳು.

ಕೆರೆಯಿಂದ ಕೆರೆಗೆ ಮಳೆನೀರು ಒಯ್ಯುವ ರಾಜಕಾಲುವೆಯ ಪ್ರಶ್ನೆಯನ್ನೇ ನೋಡಿ. ಕೆರೆಯ ಸುತ್ತ 30 ಮೀಟರ್ ಮೀಸಲು ಪ್ರದೇಶ ಬಿಡಬೇಕೆಂದು 2007ರ ಯೋಜನೆ ಹೇಳಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು 75 ಮೀಟರ್‌ಗೆ ಏರಿಸಿ, ಕಾಲುವೆಗಳ ಅಂತರವನ್ನೂ ಬದಲಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಮೂರು ವರ್ಷ ದೆಹಲಿಯಲ್ಲಿ ಮೀಟರುಗಳ ವಾದ ನಡೆಯಿತು. 2022ರ ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಮುಳುಗಿದವು. ಯಾವ ಕಾಲುವೆ ಎಲ್ಲಿ ಕಿರಿದಾಗಿದೆ, ಮೇಲಿನ ಕೆರೆಯ ಕೋಡಿ ನೀರು ಯಾರ ತೋಟದ ಮೂಲಕ ಹರಿದು ಕೆಳಗಿನ ಕೆರೆಗೆ ಸೇರುತ್ತಿತ್ತು ಎಂಬುದು ಆ ಊರುಗಳ ಹಿರಿಯರಿಗೆ ಸರ್ವೆ ನಂಬರ್ ಸಹಿತ ಗೊತ್ತು. ನಕ್ಷೆ ಬರೆಯುವ ಮೊದಲು ಅವರನ್ನು ಕೇಳುವ ಹಂತವೇ ನಮ್ಮ ವ್ಯವಸ್ಥೆಯಲ್ಲಿ ಇಲ್ಲದಿರುವುದು ನನಗೆ ಅತ್ಯಂತ ನೋವಿನ ಸಂಗತಿ. ಕರಡು ಮುಗಿದ ಮೇಲೆ ಆಕ್ಷೇಪಣೆ ಕೇಳಿದರೆ, ತನ್ನ ಜಮೀನು ಯಾವ ವಲಯಕ್ಕೆ ಸೇರಿದೆ ಎಂಬುದೇ ತಿಳಿಯದ ರೈತ ಏನು ಬರೆದು ಕೊಟ್ಟಾನು? ಭೂ ಪರಿವರ್ತನೆಗೆ ಅರ್ಜಿ ಹಾಕಿದ ದಿನವೇ ಅವನಿಗೆ ವಿಷಯ ಗೊತ್ತಾಗುವುದು.

ಸಂವಿಧಾನದ 74ನೇ ತಿದ್ದುಪಡಿ ನಗರ ಯೋಜನೆಯನ್ನೂ ಭೂ ಬಳಕೆಯ ನಿಯಂತ್ರಣವನ್ನೂ ಹನ್ನೆರಡನೇ ಅನುಸೂಚಿಯಲ್ಲಿ ಸ್ಥಳೀಯ ಸಂಸ್ಥೆಗಳ ಕೆಲಸಗಳ ಸಾಲಿಗೆ ಸೇರಿಸಿದೆ. ಇಡೀ ಮಹಾನಗರ ಪ್ರದೇಶದ ಅಭಿವೃದ್ಧಿ ಯೋಜನೆಯ ಕರಡು ತಯಾರಿಸಬೇಕಾದ ಮಹಾನಗರ ಯೋಜನಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಮಂದಿಯನ್ನು ಪಾಲಿಕೆ ಸದಸ್ಯರೂ ಪಂಚಾಯಿತಿ ಅಧ್ಯಕ್ಷರೂ ತಮ್ಮೊಳಗಿನಿಂದಲೇ ಆರಿಸಬೇಕೆಂದು 243ಝಡ್‌ಇ ವಿಧಿ ಹೇಳುತ್ತದೆ. ಬೆಂಗಳೂರಿಗೆ ಆ ಸಮಿತಿ ರಚನೆಯಾದದ್ದು 2014ರಲ್ಲಿ; ಆದರೂ 2031ರ ಕರಡನ್ನು ತಯಾರಿಸಿದ್ದು ಜನರಿಂದ ಚುನಾಯಿತವಲ್ಲದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿಯ ಆಳ್ವಿಕೆ ಬಂದಾಗ, ಆ ಸಮಿತಿಗೆ ಸದಸ್ಯರನ್ನು ಕಳುಹಿಸಬೇಕಾದ ಸಭೆಯೇ ಇಲ್ಲವಾಯಿತು.

ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ಈಗ ಐದು ಪಾಲಿಕೆಗಳಾಗಿವೆ. ಮುಂದಿನ ಮಹಾಯೋಜನೆಯನ್ನು ಯಾರೇ ಸಿದ್ಧಪಡಿಸಲಿ, ಚುನಾಯಿತ ಸದಸ್ಯರು ಸಭೆ ಸೇರುವ ಮುನ್ನ ಕರಡನ್ನು ಅಂತಿಮಗೊಳಿಸಬಾರದೆಂದು ಕಳಕಳಿಯಿಂದ ಕೋರುತ್ತೇನೆ. ಸರ್ವೆ ನಂಬರ್ ಕಾಣುವ ಕನ್ನಡದ ನಕ್ಷೆಯನ್ನು ಪ್ರತಿ ವಾರ್ಡ್ ಕಚೇರಿಯಲ್ಲಿ ಮೊದಲೇ ಗೋಡೆಗೆ ಹಾಕಲಿ. ಬಂದ ಆಕ್ಷೇಪಣೆಗಳಿಗೆ, ಒಪ್ಪಿದರೂ ತಿರಸ್ಕರಿಸಿದರೂ, ಕಾರಣ ಬರೆದು ಉತ್ತರಿಸಲಿ. ಇದಕ್ಕಿಂತಲೂ ಮುಖ್ಯವಾದುದು 1961ರ ಯೋಜನಾ ಕಾಯ್ದೆಯ 14ಎ ಕಲಮಿನಡಿ ಒಂದೊಂದೇ ಜಾಗಕ್ಕೆ ನೀಡುವ ಭೂ ಬಳಕೆ ಬದಲಾವಣೆ. ಎಷ್ಟೇ ಶ್ರಮವಹಿಸಿ ರೂಪಿಸಿದ ಯೋಜನೆಯೂ ಸವೆದುಹೋಗುವುದು ಅಲ್ಲಿಯೇ. ಪತ್ರಿಕೆಯ ಮೂಲೆಯಲ್ಲೊಂದು ಪ್ರಕಟಣೆ ಕೊಟ್ಟು ಸುಮ್ಮನಾಗದೆ, ಅಂಥ ಪ್ರತಿಯೊಂದು ಪ್ರಸ್ತಾವವನ್ನೂ ಆಯಾ ವಾರ್ಡ್ ಸಮಿತಿಯ ಮುಂದಿಟ್ಟು, ನೆರೆಹೊರೆಯವರ ಮಾತು ದಾಖಲಾದ ಮೇಲೆಯೇ ಸರ್ಕಾರಕ್ಕೆ ಕಳುಹಿಸುವಂತೆ ನಿಯಮ ಮಾಡಬೇಕು.

ಇತಿ,
ಓರ್ವ ಓದುಗ, ಬೆಂಗಳೂರು