ಇನ್ನು ಮುಂದೆ ನಮ್ಮ ಪೆಟ್ಟಿಗೆಯಲ್ಲಿ ಮೋಟಾರು ಇರುವುದಿಲ್ಲ, ಹ್ಯಾಂಡಲ್ ಇರುತ್ತದೆ

ಪ್ರಿಯ ಗ್ರಾಹಕರೇ, ಪೋಷಕರೇ, ಶಾಲೆಯ ಮೇಷ್ಟ್ರುಗಳೇ, ಮಕ್ಕಳು ಮಲಗಿದ ಮೇಲೆ ತಾವೇ ಕೂತು ಜೋಡಿಸುವ ದೊಡ್ಡವರೇ,

ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ಯುಗಾದಿಯಿಂದ ನಾವು ಕಳಿಸುವ, ಲೆಗೋ ಟೆಕ್ನಿಕ್ ಅಳತೆಯ ಪ್ಲಾಸ್ಟಿಕ್ ಬಿಡಿಭಾಗಗಳಿಂದ ಜೋಡಿಸುವ ಯಾವ ವಾಹನ ಮಾದರಿಯ ಪೆಟ್ಟಿಗೆಯಲ್ಲೂ ಮೋಟಾರು, ಬ್ಯಾಟರಿ ಬಾಕ್ಸು, ರಿಮೋಟು ಇರುವುದಿಲ್ಲ. ಆ ಜಾಗದಲ್ಲಿ ಕೈಯಿಂದ ತಿರುಗಿಸುವ ಒಂದು ಹ್ಯಾಂಡಲ್ ಇರುತ್ತದೆ. ಟ್ರ್ಯಾಕ್ಟರ್, ಪವರ್ ಟಿಲ್ಲರ್, ಜೆಸಿಬಿ, ಬಸ್ಸಿನ ಚಾಸಿ, ನಾಲ್ಕಕ್ಕೂ ಇದೇ. ಮೋಟಾರು ಮತ್ತು ಬ್ಯಾಟರಿ ಬಾಕ್ಸಿಗೆ ತೆಗೆದುಕೊಳ್ಳುತ್ತಿದ್ದ ಹಣವನ್ನು ಬೆಲೆಯಿಂದ ಪೂರ್ತಿ ಕಳೆದಿದ್ದೇವೆ. ಮೋಟಾರು ಬೇಕೇ ಬೇಕು ಅನ್ನುವವರಿಗೆ ಎರವಲು ಕೊಡುತ್ತೇವೆ. ಅದರ ವಿವರ ಕೆಳಗಿದೆ.

ಯಾಕೆ ಹೀಗೆ ಮಾಡಿದೆವು ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಇದು ಖರ್ಚು ಉಳಿಸುವ ಲೆಕ್ಕ ಅಂತ ಯಾರಿಗೂ ಅನ್ನಿಸಬಾರದು.

ದುರಸ್ತಿಗೆ ಬರುವ ಮಾದರಿಗಳನ್ನು ಬಿಚ್ಚಿದಾಗ ಹೆಚ್ಚಾಗಿ ಕಾಣುವುದು ಒಂದೇ ತರಹದ ಗಾಯ. ಚಕ್ರ, ಗೇರುಗಳನ್ನು ಹೊತ್ತು ತಿರುಗುವ ಕಡ್ಡಿ, ಅಂದರೆ ಕಪ್ಪು ಆ್ಯಕ್ಸಲ್, ತಿರುಚಿಕೊಂಡಿರುತ್ತದೆ. ನೇರ ಇರಬೇಕಾದ ಅದರ ನಾಲ್ಕು ಅಂಚುಗಳು ಹಗ್ಗದ ಎಳೆಯ ಹಾಗೆ ಸುತ್ತಿಕೊಂಡಿರುತ್ತವೆ. ಬುಷ್ (ಆ್ಯಕ್ಸಲ್ ಜಾರದಂತೆ ಹಿಡಿಯುವ ಪುಟ್ಟ ಬಳೆ) ಇದ್ದ ಕಡೆ ಬೀಮಿನ (ತೂತುಗಳಿರುವ ಉದ್ದ ಪಟ್ಟಿ) ಮೇಲೆ ಉಜ್ಜಿದ ಗುರುತು, ಪಕ್ಕದಲ್ಲಿ ಸಣ್ಣಗೆ ಪ್ಲಾಸ್ಟಿಕ್ ಪುಡಿ. ಕೆಲವು ಸಲ, ಸುತ್ತನ್ನು ಅಡ್ಡದಿಕ್ಕಿಗೆ ದಾಟಿಸುವ 12 ಹಲ್ಲಿನ ಚಿಕ್ಕ ಬೆವೆಲ್ ಗೇರಿನ ಒಂದು ಹಲ್ಲು ಹಾರಿಹೋಗಿರುತ್ತದೆ. ಬಿಡಿಭಾಗ ಕಳಪೆ ಅಂತಲ್ಲ. ಜೋಡಣೆ ಎಲ್ಲೋ ಒಂದು ಕಡೆ ಬಿಗಿಯಾಗಿರುತ್ತದೆ. ಮಗುವಿಗೆ ಅದು ಗೊತ್ತಾಗಲು ದಾರಿಯೇ ಇರುವುದಿಲ್ಲ. ಸ್ವಿಚ್ ಒತ್ತಿದರೆ ಮೋಟಾರು ಗುಂಯ್ ಅನ್ನುತ್ತದೆ, ಗಾಡಿ ಮುಂದೆ ಹೋಗುತ್ತದೆ, ಒಳಗೆ ಆ್ಯಕ್ಸಲ್ ಸವೆಯುತ್ತಿರುತ್ತದೆ.

ಕೈಗೆ ಹಾಗಲ್ಲ. ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ಸಾಕು, ಎಲ್ಲಿ ಹಿಡಿಯುತ್ತಿದೆ ಅಂತ ತಿಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಗಟ್ಟಿಯಾದರೆ ಒಂದು ಗೇರು ಸರಿಯಾಗಿ ಕೂತಿಲ್ಲ. ಸುತ್ತು ಪೂರ್ತಿ ಒಂದೇ ಸಮ ಭಾರವಾಗಿದ್ದರೆ ಬುಷ್ ತುಂಬಾ ಒತ್ತಿದ್ದೀರಿ. ಬುಷ್ಷಿಗೂ ಬೀಮಿಗೂ ನಡುವೆ ಒಂದು ತೆಳು ಕಾಗದ ಹೋಗುವಷ್ಟು ಜಾಗ ಬಿಡಬೇಕು. ಇನ್ನೂ ಒಂದು ಸಾಧ್ಯತೆ ಇದೆ. ಎರಡು ಬೀಮು ಸೇರಿ ತಿರುಗಬೇಕಾದ ಜಾಗಕ್ಕೆ ಬೂದು ಪಿನ್ನಿನ ಬದಲು ಕಪ್ಪು ಪಿನ್ ಹಾಕಿರಬಹುದು. ಕಪ್ಪು ಪಿನ್ನಿನ ಮೈಮೇಲೆ ಸಣ್ಣ ಏಣುಗಳಿವೆ, ಅದು ಹಿಡಿದು ನಿಲ್ಲಿಸಲೆಂದೇ ಇರುವುದು. ಬೂದು ಪಿನ್ ನುಣ್ಣಗಿದೆ, ಸಲೀಸಾಗಿ ತಿರುಗುತ್ತದೆ. ಇದನ್ನು ಪುಸ್ತಕದಲ್ಲಿ ಓದಿದರೆ ಮರೆತುಹೋಗುತ್ತೆ. ಕೈಗೆ ಒಮ್ಮೆ ತಿಳಿದರೆ ಮರೆಯಲ್ಲ.

ಹಲ್ಲು ಜಾರುವುದೂ ಹಾಗೇ. ನಮಗೆ ಬರುವ ಪ್ರಶ್ನೆಗಳಲ್ಲಿ ದೊಡ್ಡ ಪಾಲು ‘ಎರಡು ಗೇರು ಒಂದಕ್ಕೊಂದು ಕೂರುತ್ತಿಲ್ಲ’ ಅನ್ನುವುದು. ಲೆಕ್ಕ ಸುಲಭ. ಲೆಗೋ ಟೆಕ್ನಿಕ್ ಅಳತೆಯಲ್ಲಿ ಒಂದು ತೂತಿನಿಂದ ಪಕ್ಕದ ತೂತಿಗೆ 8 ಮಿಲಿಮೀಟರ್. ಗೇರಿನ ಹಲ್ಲುಗಳ ಸಂಖ್ಯೆಯನ್ನು ಅರ್ಧ ಮಾಡಿದರೆ ಅದರ ತ್ರಿಜ್ಯ ಮಿಲಿಮೀಟರಿನಲ್ಲಿ ಸಿಗುತ್ತದೆ. 8 ಹಲ್ಲಿನದಕ್ಕೆ 4, 24 ಹಲ್ಲಿನದಕ್ಕೆ 12. ಕೂಡಿದರೆ 16, ಅಂದರೆ ಸರಿಯಾಗಿ ಎರಡು ತೂತಿನ ದೂರ. 8 ಮತ್ತು 40 ಸೇರಿದರೆ 24 ಮಿಲಿಮೀಟರ್, ಮೂರು ತೂತು. ಈಗ 16 ಮತ್ತು 24 ನೋಡಿ. 8 ಕೂಡಿಸು 12, ಒಟ್ಟು 20. ಎರಡೂವರೆ ತೂತು. ನೇರ ಬೀಮಿನಲ್ಲಿ ಅರ್ಧ ತೂತು ಎಲ್ಲಿಂದ ಬರಬೇಕು? ಅದಕ್ಕೇ ಅವೆರಡೂ ಒಂದೇ ಬೀಮಿನಲ್ಲಿ ಕೂರುವುದಿಲ್ಲ.

ದೂರ ಸರಿಯಿದ್ದರೂ ಭಾರ ಬಿದ್ದಾಗ ಗೇರುಗಳು ಒಂದನ್ನೊಂದು ದೂರ ತಳ್ಳುತ್ತವೆ. ಬೀಮು ಬಾಗುತ್ತದೆ, ಟಕ್ ಟಕ್ ಅಂತ ಹಲ್ಲು ಜಾರುತ್ತದೆ. ಅಡ್ಡಕ್ಕೆ ಇನ್ನೊಂದು ಬೀಮು ಹಾಕಿ ಕಟ್ಟಿದರೆ ನಿಲ್ಲುತ್ತದೆ. ಮೋಟಾರಿನ ಸದ್ದಿನಲ್ಲಿ ಆ ಟಕ್ ಟಕ್ ಎಷ್ಟೋ ಸಲ ಕೇಳಿಸುವುದೇ ಇಲ್ಲ. ಕೈಯಲ್ಲಿ ತಿರುಗಿಸುವಾಗ ಬೆರಳಿಗೇ ಬಡಿಯುತ್ತದೆ.

ಜೆಸಿಬಿ ತೆಗೆದುಕೊಂಡವರಿಗೆ ಒಂದು ಮಾತು. ನಿಜವಾದ ಯಂತ್ರದಲ್ಲಿ ತೋಳು ಎತ್ತುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ನಮ್ಮ ಮಾದರಿಯಲ್ಲಿ ಆ ಕೆಲಸ ವರ್ಮ್ ಗೇರಿನದು, ಅಂದರೆ ಸ್ಕ್ರೂ ತರಹ ಸುತ್ತು ಹಲ್ಲಿರುವ ಗೇರಿನದು. ವರ್ಮ್ ಒಂದು ಸುತ್ತು ಸುತ್ತಿದರೆ ಎದುರಿನ ಗೇರು ಒಂದೇ ಹಲ್ಲು ಸರಿಯುತ್ತದೆ. 24 ಹಲ್ಲಿನ ಗೇರು ಪೂರ್ತಿ ತಿರುಗಲು 24 ಸುತ್ತು ಬೇಕು. ಹಾಗಾಗಿ ನಿಧಾನ, ಆದರೆ ಬಲ ಜಾಸ್ತಿ. ತೋಳಿನ ಭಾರ ವರ್ಮನ್ನು ಹಿಂದಕ್ಕೆ ತಿರುಗಿಸಲಾರದು, ಆದ್ದರಿಂದ ಎತ್ತಿದ ತೋಳು ಎತ್ತಿದಲ್ಲೇ ನಿಲ್ಲುತ್ತದೆ. ಅಪಾಯವೂ ಇಲ್ಲೇ ಇದೆ. ತೋಳು ಕೊನೆ ಮುಟ್ಟಿದ ಮೇಲೂ ಮೋಟಾರು ತಿರುಗುತ್ತಲೇ ಇದ್ದರೆ ಅಷ್ಟೂ ಬಲ ಎಲ್ಲೋ ಒಂದು ಕಡೆ ಮುರಿದೇ ಹೊರಬರಬೇಕು. ಅದಕ್ಕಾಗಿಯೇ ಭಾರ ಮೀರಿದಾಗ ತಾನೇ ಜಾರುವ 24 ಹಲ್ಲಿನ ಬಿಳಿ ಕ್ಲಚ್ ಗೇರು ಇದೆ. ಹ್ಯಾಂಡಲ್ ಹಿಡಿದ ಮಗು ಕೊನೆ ಬಂದಾಗ ತಾನಾಗಿಯೇ ನಿಲ್ಲಿಸುತ್ತದೆ. ಯಾರೂ ಹೇಳಿಕೊಡಬೇಕಿಲ್ಲ.

ಈಗ ಪವರ್ ಟಿಲ್ಲರ್, ಹಿಂದೆ ನಡೆಯುತ್ತಾ ಹಿಡಿದು ಓಡಿಸುವ ಎರಡು ಚಕ್ರದ ಉಳುವ ಯಂತ್ರ. ನಮ್ಮ ಮಾದರಿಗಳಲ್ಲಿ ನಮಗೆ ಅತಿ ಪ್ರೀತಿಯದು ಇದು, ಹ್ಯಾಂಡಲ್ ಬೇಕು ಅಂತ ನಾವು ತೀರ್ಮಾನಿಸಿದ್ದೂ ಇದರಿಂದಲೇ. ಗದ್ದೆಯಲ್ಲಿ ಟಿಲ್ಲರ್ ಓಡಿಸಿದವರಿಗೆ ಇದರ ಗುಣ ಗೊತ್ತು. ಅದಕ್ಕೆ ಸ್ಟೇರಿಂಗ್ ಚಕ್ರ ಇಲ್ಲ, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲೂ ಇಲ್ಲ. ಎರಡು ಹಿಡಿಗಳ ಕೆಳಗೆ ಒಂದೊಂದು ಲಿವರ್. ಎಡಗಡೆಯದನ್ನು ಒತ್ತಿದರೆ ಎಡ ಚಕ್ರಕ್ಕೆ ಹೋಗುವ ಶಕ್ತಿ ಕಟ್ ಆಗುತ್ತದೆ. ಬಲ ಚಕ್ರ ಮಾತ್ರ ತಳ್ಳುತ್ತದೆ, ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಸಮ ನೆಲದಲ್ಲಿ ಹೀಗೆ. ಇಳಿಜಾರಿನಲ್ಲಿ ಇಳಿಯುವಾಗ ಇದು ಉಲ್ಟಾ. ಎಡ ಲಿವರ್ ಒತ್ತಿದರೆ ಗಾಡಿ ಬಲಕ್ಕೆ ಹೋಗುತ್ತದೆ. ಮಲೆನಾಡಿನ ಕಡೆ, ತೋಟದಿಂದ ಗದ್ದೆಗೆ ಇಳಿಸುವ ದಾರಿಯಲ್ಲಿ, ಇದು ಗೊತ್ತಿಲ್ಲದೆ ಟಿಲ್ಲರ್ ಹಿಡಿದರೆ ಕಷ್ಟ.

ಯಾಕೆ ಉಲ್ಟಾ? ನಮ್ಮ ಮಾದರಿಯಲ್ಲಿ ಇದನ್ನು ಕೈಯಾರೆ ನೋಡಬಹುದು. ಎಡಕ್ಕೂ ಬಲಕ್ಕೂ ಒಂದೊಂದು ಜಾರುವ ಉಂಗುರ ಇದೆ. ಅದು 16 ಹಲ್ಲಿನ ಕ್ಲಚ್ ಗೇರಿಗೆ ಕಚ್ಚಿಕೊಂಡರೆ ಚಕ್ರಕ್ಕೆ ಶಕ್ತಿ, ಬಿಟ್ಟರೆ ಇಲ್ಲ. ಒಂದು ಮಣೆಯನ್ನು ಓರೆ ಇಟ್ಟು ಟಿಲ್ಲರನ್ನು ಮೇಲೆ ನಿಲ್ಲಿಸಿ. ಹ್ಯಾಂಡಲ್ ಬಿಗಿಯಾಗಿ ಹಿಡಿದು, ನಿಧಾನಕ್ಕೆ ಬಿಡುತ್ತಾ ಇಳಿಸಿ. ಆಗ ನಿಮ್ಮ ಕೈಯೇ ಇಂಜಿನ್. ಗಾಡಿ ಓಡಿಹೋಗದಂತೆ ಎರಡೂ ಚಕ್ರಗಳನ್ನು ನೀವೇ ತಡೆದು ಹಿಡಿದಿದ್ದೀರಿ. ಈಗ ಎಡ ಉಂಗುರ ಬಿಡಿಸಿ. ಎಡ ಚಕ್ರಕ್ಕೆ ತಡೆ ಹೋಯಿತು, ಅದು ಸುಮ್ನೆ ಉರುಳಿ ಮುಂದೆ ಹೋಗುತ್ತದೆ. ಬಲ ಚಕ್ರ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಗಾಡಿ ಬಲಕ್ಕೆ ತಿರುಗುತ್ತದೆ. ಉಂಗುರ ಬಿಡಿಸಿದ ಆ ಕ್ಷಣದಲ್ಲಿ ಹ್ಯಾಂಡಲ್ಲಿನ ಎಳೆತ ಬದಲಾಗುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಈ ಪ್ರಯೋಗಕ್ಕಾಗಿಯೇ ಟಿಲ್ಲರಿನಲ್ಲಿ ಎಲ್ಲೂ ವರ್ಮ್ ಗೇರು ಹಾಕಿಲ್ಲ. ಹಾಕಿದ್ದರೆ ಚಕ್ರದಿಂದ ಕೈಗೆ ಏನೂ ಬರುತ್ತಿರಲಿಲ್ಲ.

ಟ್ರ್ಯಾಕ್ಟರಿನ ಹಿಂದಿನ ಆ್ಯಕ್ಸಲ್ಲಿನಲ್ಲಿ ಡಿಫರೆನ್ಷಿಯಲ್ ಇದೆ. ಒಂದು ಚಕ್ರ ಹಿಡಿದುಕೊಂಡು ಹ್ಯಾಂಡಲ್ ತಿರುಗಿಸಿ. ಇನ್ನೊಂದು ಚಕ್ರ ಎರಡರಷ್ಟು ವೇಗವಾಗಿ ತಿರುಗುತ್ತದೆ. ಹ್ಯಾಂಡಲ್ ಹಿಡಿದು ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿ. ಇನ್ನೊಂದು ಹಿಂದಕ್ಕೆ ಹೋಗುತ್ತದೆ. ಕೆಸರಿನಲ್ಲಿ ಒಂದು ಚಕ್ರ ಸುಮ್ಮನೆ ಸುತ್ತುತ್ತಾ, ಇನ್ನೊಂದು ಅಲ್ಲಾಡದೆ ನಿಲ್ಲುವುದನ್ನು ಹಳ್ಳಿಯ ಮಕ್ಕಳು ನೋಡಿಯೇ ಇರುತ್ತಾರೆ, ಅಲ್ವಾ? ಟ್ರ್ಯಾಕ್ಟರಿನಲ್ಲಿ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಯಾಕಿದೆ ಅನ್ನುವುದು ಆಗ ಅವರಿಗೇ ಹೊಳೆಯುತ್ತದೆ. ಬಸ್ಸಿನ ಚಾಸಿಯಲ್ಲಿ ನೋಡಬೇಕಾದದ್ದು ಮುಂದಿನ ಚಕ್ರಗಳು. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ಓರೆಗೆ ತಿರುಗಬೇಕು. ಆ್ಯಕರ್‌ಮನ್ ಸ್ಟೇರಿಂಗ್ ಅನ್ನುವ ಈ ಏರ್ಪಾಡಿಗೆ ಇಂಗ್ಲೆಂಡಿನಲ್ಲಿ 1818ರಲ್ಲೇ ಪೇಟೆಂಟ್ ಸಿಕ್ಕಿತ್ತು. ಆಗಿನ್ನೂ ಅದು ಕುದುರೆ ಗಾಡಿಗಾಗಿ.

‘ಮೋಟಾರು ಇಲ್ಲದಿದ್ದರೆ ಅದು ಚಿಕ್ಕ ಮಕ್ಕಳ ಆಟಿಕೆ ಆಗಲ್ವಾ?’ ಅಂತ ಕೆಲವರು ಕೇಳಿದ್ದಾರೆ. ಆಗಲ್ಲ. ಲೆಗೋ ಕಂಪನಿ 1977ರಲ್ಲಿ ಟೆಕ್ನಿಕ್ ಸಾಲು ಶುರು ಮಾಡಿದಾಗ ತಂದ ಕಾರಿನ ಚಾಸಿಗೆ ಮೋಟಾರಿರಲಿಲ್ಲ. ಮೈಯೂ ಇರಲಿಲ್ಲ. ಕಾರು ತಳ್ಳಿದರೆ ಪಿಸ್ಟನ್‌ಗಳು ಮೇಲೆ ಕೆಳಗೆ ಆಡುತ್ತಿದ್ದವು, ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಿರುಗುತ್ತಿತ್ತು. 1980ರ ಚಾಸಿಗೆ ಡಿಫರೆನ್ಷಿಯಲ್ ಬಂತು. 1994ರ ಸೂಪರ್ ಕಾರಿಗೆ ನಾಲ್ಕೂ ಚಕ್ರಕ್ಕೆ ಶಕ್ತಿ, ನಾಲ್ಕೂ ಚಕ್ರಕ್ಕೆ ಸ್ಟೇರಿಂಗ್, ನಾಲ್ಕು ಗೇರಿನ ಗೇರ್‌ಬಾಕ್ಸ್, ಆದರೂ ಮೋಟಾರಿಲ್ಲ. 2018ರ ಬುಗಾಟಿ ಶಿರಾನ್ 3,599 ಬಿಡಿಭಾಗಗಳ ಮಾದರಿ. ಅದರ ಎಂಟು ಗೇರುಗಳೂ ಕೈಯಿಂದಲೇ ಓಡುವುದು.

ಇನ್ನೊಂದು ಕಾರಣ ಪ್ಲಗ್ಗಿನದು. 2007ರಲ್ಲಿ ಲೆಗೋದ ಪವರ್ ಫಂಕ್ಷನ್ಸ್ ಮೋಟಾರುಗಳು ಬಂದವು. ಅದಕ್ಕೂ ಹಿಂದಿನ 9 ವೋಲ್ಟಿನವುಗಳ ಪ್ಲಗ್ ಬೇರೆ. ಆಮೇಲೆ ಫೋನಿನ ಆ್ಯಪ್‌ನಿಂದ ನಡೆಯುವವು ಬಂದವು, ಅವುಗಳ ಪ್ಲಗ್ ಮತ್ತೂ ಬೇರೆ. ಹಳೆ ಮೋಟಾರು ಇಟ್ಟುಕೊಂಡವರು ಹೊಸ ಬ್ಯಾಟರಿ ಬಾಕ್ಸಿಗೆ ಸಿಕ್ಕಿಸಲಾಗದೆ ನಮಗೆ ಬರೆಯುತ್ತಾರೆ. 1977ರ 8 ಹಲ್ಲಿನ ಗೇರನ್ನು ಇವತ್ತಿನ 24 ಹಲ್ಲಿನದಕ್ಕೆ ಹಾಕಿ ನೋಡಿ. ಸಲೀಸಾಗಿ ಕೂರುತ್ತದೆ. ನೀವು ಕೊಟ್ಟ ಹಣ ಬಹುಕಾಲ ಉಪಯೋಗಕ್ಕೆ ಬರುವ ಕಡೆ ಹೋಗಲಿ ಅಂತ ನಮ್ಮ ಆಸೆ.

ರಿಮೋಟಿನಲ್ಲಿ ಗಾಡಿ ಓಡಿಸುವ ಖುಷಿಯೇ ಬೇರೆ, ಅದು ನಿಜ. ಅದನ್ನು ಮಕ್ಕಳಿಂದ ಕಸಿದುಕೊಳ್ಳುವುದು ನಮಗೆ ಬೇಡ. ಹಾಗಾಗಿ ಎರವಲು. ಮಾದರಿ ಪೂರ್ತಿ ಕಟ್ಟಿ, ಹ್ಯಾಂಡಲ್ ತಿರುಗಿಸುವ ಒಂದು ಸಣ್ಣ ವಿಡಿಯೋ ಕಳಿಸಿ. ಎಲ್ಲಾ ಸಲೀಸಾಗಿ ತಿರುಗುತ್ತಿದ್ದರೆ ಮೋಟಾರು, ಬ್ಯಾಟರಿ ಬಾಕ್ಸು, ರಿಮೋಟು, ಜೊತೆಗೆ ಬಿಳಿ ಕ್ಲಚ್ ಗೇರು ಒಂದು ತಿಂಗಳಿಗೆ ಕಳಿಸುತ್ತೇವೆ. ಕೊರಿಯರ್ ಖರ್ಚು ಮಾತ್ರ ನಿಮ್ಮದು. ಎಲ್ಲಾದರೂ ಹಿಡಿಯುತ್ತಿದ್ದರೆ ಎಲ್ಲಿ ಅಂತ ವಿಡಿಯೋ ನೋಡಿ ಹೇಳುತ್ತೇವೆ. ಹ್ಯಾಂಡಲ್ ಇರುವ ಜಾಗದಲ್ಲೇ ಮೋಟಾರು ಕೂರುವಂತೆ ನಾಲ್ಕೂ ಮಾದರಿಗಳನ್ನು ತಿದ್ದಿದ್ದೇವೆ, ಬೇರೆ ಏನೂ ಬಿಚ್ಚಬೇಕಿಲ್ಲ. ಕೈ ತಿರುಗಿಸಲು ಕಷ್ಟ ಇರುವ ಮಕ್ಕಳಿಗೆ ಈ ನಿಯಮ ಯಾವುದೂ ಇಲ್ಲ. ಆರ್ಡರ್ ಮಾಡುವಾಗ ಒಂದು ಮಾತು ಬರೆಯಿರಿ, ಪೆಟ್ಟಿಗೆಯ ಜೊತೆಗೇ ಮೋಟಾರು ಬರುತ್ತದೆ, ನಮ್ಮ ಖರ್ಚಿನಲ್ಲಿ, ವಾಪಸ್ ಕೊಡುವುದೂ ಬೇಡ.

ಕಟ್ಟುವ ಪುಸ್ತಕವೂ ಬದಲಾಗಿದೆ. ಮೊದಲು ಗೇರು, ಆ್ಯಕ್ಸಲ್, ಚಕ್ರ. ಮೈ ಕೊನೆಗೆ. ನಡುನಡುವೆ ‘ತಿರುಗಿಸಿ ನೋಡಿ’ ಅನ್ನುವ ಪುಟಗಳಿವೆ. ಅಲ್ಲಿ ಹೊಸ ಬಿಡಿಭಾಗ ಯಾವುದೂ ಇಲ್ಲ, ಏನು ಕೇಳಬೇಕು, ಕೈಗೆ ಏನು ತಿಳಿಯಬೇಕು ಅಂತ ಮಾತ್ರ ಬರೆದಿದ್ದೇವೆ. ಆ ಪುಟಗಳನ್ನು ದಯವಿಟ್ಟು ಹಾರಿಸಬೇಡಿ. ಮೈ ಮುಚ್ಚಿದ ಮೇಲೆ ಒಳಗಿನ ಒಂದು ಬುಷ್ ಸಡಿಲಿಸಲು ಅರ್ಧ ಗಾಡಿ ಬಿಚ್ಚಬೇಕಾಗುತ್ತದೆ.

ಈಗಾಗಲೇ ಹಣ ಕಟ್ಟಿ ಪೆಟ್ಟಿಗೆಗೆ ಕಾಯುತ್ತಿರುವವರಿಗೆ ಒಪ್ಪಿಕೊಂಡಂತೆ ಮೋಟಾರಿನ ಪೆಟ್ಟಿಗೆಯೇ ಬರುತ್ತದೆ. ಹ್ಯಾಂಡಲ್ ಪೆಟ್ಟಿಗೆ ಸಾಕು ಅನ್ನಿಸಿದರೆ ತಿಳಿಸಿ, ವ್ಯತ್ಯಾಸದ ಹಣ ವಾಪಸ್ ಮಾಡುತ್ತೇವೆ. ಹಿಂದೆ ನಮ್ಮಿಂದ ಮಾದರಿ ಕೊಂಡವರಿಗೆ ಹ್ಯಾಂಡಲ್ ಮತ್ತು ಹೊಸ ಪುಟಗಳು ಉಚಿತ. ಮನೆಯಲ್ಲಿ ಸುಮ್ಮನೆ ಬಿದ್ದಿರುವ, ಓಡುವ ಸ್ಥಿತಿಯ ಮೋಟಾರುಗಳನ್ನು ನಾವು ಕೊಳ್ಳುತ್ತೇವೆ, ಎರವಲು ಕಪಾಟಿಗೆ ಅವು ಬೇಕು. ಕಳಿಸುವ ಮುಂಚೆ ಸೆಲ್ಲುಗಳನ್ನು ತೆಗೆದಿಡಿ. ಸೋರಿದ ಸೆಲ್ಲಿನಿಂದ ಕಿಲುಬು ಹಿಡಿದಿದ್ದರೆ ಒಂದು ಫೋಟೋ ಸಾಕು, ಕೊರಿಯರ್ ಮಾಡಬೇಡಿ. ಶಾಲೆಗಳಿಗೆ ಒಂದೇ ತರಗತಿಗೆ ಐದಕ್ಕಿಂತ ಹೆಚ್ಚು ಪೆಟ್ಟಿಗೆ ಬೇಕಾದರೆ ಬೇಸಿಗೆ ರಜೆ ಮುಗಿಯುವ ಮೊದಲೇ ಹೇಳಿ. ಟಿಲ್ಲರಿನ ಜಾರುವ ಉಂಗುರಗಳು ನಮಗೆ ತಡವಾಗಿ ಸಿಗುತ್ತಿವೆ, ಉಳಿದ ಮೂರು ಮಾದರಿಗಳು ಕೈಯಲ್ಲಿವೆ.

ನಿಮ್ಮ,
ಕಾರ್ಯಾಗಾರದ ಎಲ್ಲರೂ
ಮೈಸೂರು