ಒಂದು ದಿನಕ್ಕೆ ಒಂದೇ ವೈನರಿ ಸಾಕು

ಪ್ರಿಯ ಓದುಗರೇ,

ಸಾಲು ರಜೆ ಸಿಕ್ಕರೆ ನಮ್ಮ ಸಂಘದಲ್ಲಿ ಹಲವರು ವೈನರಿಗಳ ಕಡೆ ಹೊರಡುತ್ತಾರೆ. ನೆಂಟರು ಬಂದಾಗಲೂ ಅಷ್ಟೇ. ಬೆಳಿಗ್ಗೆ ಒಂದು, ಮಧ್ಯಾಹ್ನ ಎರಡು, ಸಂಜೆ ಇನ್ನೊಂದು ಅಂತ ಸುತ್ತಿ ಬಂದವರನ್ನು ಹೇಗಿತ್ತು ಎಂದು ಕೇಳಿದರೆ ಜಾಗ ಚೆನ್ನಾಗಿತ್ತು, ಫೋಟೋಗಳು ಚೆನ್ನಾಗಿ ಬಂದವು ಅನ್ನುತ್ತಾರೆ. ವೈನ್ ಹೇಗಿತ್ತು ಎಂದರೆ ಯಾವುದನ್ನು ಎಲ್ಲಿ ಕುಡಿದದ್ದು ಅನ್ನುವುದೇ ನೆನಪಿರುವುದಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ನಾಲ್ಕು ಕಡೆ ಐದೈದು ಬಗೆ ರುಚಿ ನೋಡಿದರೆ ಯಾರ ನಾಲಿಗೆಯಾದರೂ ಸೋತು ಹೋಗುತ್ತದೆ. ಈ ಸಂಚಿಕೆಯಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಒಂದು ದಿನಕ್ಕೆ ಒಂದೇ ವೈನರಿಗೆ ಹೋಗಿ. ಅದೂ ಒಂದು ಕುಟುಂಬ ತಾನೇ ದ್ರಾಕ್ಷಿ ಬೆಳೆದು, ತಾನೇ ವೈನ್ ತಯಾರಿಸಿ, ತಾನೇ ಮಾರುವಂಥ ಸಣ್ಣ ಜಾಗಕ್ಕೆ ಹೋಗಿ. ಗ್ಲಾಸ್ ಕೈಗೆ ತೆಗೆದುಕೊಳ್ಳುವ ಮೊದಲು ತೋಟ ನೋಡಿ.

ದೊಡ್ಡ ವೈನರಿಗಳಲ್ಲಿ ಒಳ್ಳೆಯ ವೈನ್ ಇರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಬೇಕಾದಷ್ಟು ಇರುತ್ತದೆ. ಆದರೆ ಅಲ್ಲಿ ಗ್ಲಾಸಿಗೆ ಸುರಿಯುವವರು ಬೇರೆ, ದ್ರಾಕ್ಷಿ ಬಳ್ಳಿ ಕತ್ತರಿಸಿ ಸವರಿದವರು ಬೇರೆ, ವೈನ್ ತುಂಬಿಡುವ ಮರದ ಪೀಪಾಯಿ ನೋಡಿಕೊಳ್ಳುವವರು ಇನ್ನೂ ಬೇರೆ. ಸಣ್ಣ ಕಡೆ ಈ ಮೂರೂ ಕೆಲಸ ಸಾಮಾನ್ಯವಾಗಿ ಒಬ್ಬರದೇ, ಇಲ್ಲವೇ ಒಂದೇ ಮನೆಯವರದು. ಹಾಗಾಗಿ ನಿಮ್ಮ ಪ್ರಶ್ನೆಗೆ ಬಾಯಿಪಾಠದ ಉತ್ತರ ಬರುವುದಿಲ್ಲ. 'ಇದು ಹಿಂದಿನ ವರ್ಷದ್ದಕ್ಕಿಂತ ಹುಳಿ ಜಾಸ್ತಿ ಅಲ್ವಾ?' ಅಂತ ಸುಮ್ನೆ ಒಂದು ಮಾತು ಕೇಳಿ ನೋಡಿ. ಆ ವರ್ಷ ಮಳೆ ಯಾವಾಗ ಬಂತು, ಬಿಸಿಲು ಎಷ್ಟು ತಡವಾಯಿತು, ಕೊಯ್ಲನ್ನು ಒಂದು ವಾರ ಯಾಕೆ ಮುಂದಕ್ಕೆ ಹಾಕಿದರು, ಹಾಗೆ ಹಾಕಿದ್ದಕ್ಕೆ ಮನೆಯಲ್ಲಿ ಯಾರು ಒಪ್ಪಲಿಲ್ಲ, ಎಲ್ಲವೂ ಹೊರಗೆ ಬರುತ್ತದೆ. ಎಷ್ಟು ಪದಕ ಬಂದಿವೆ ಅಂತ ಕೇಳುವುದಕ್ಕಿಂತ ಆ ವರ್ಷ ಹೇಗಿತ್ತು ಅಂತ ಕೇಳುವುದು ಎಷ್ಟೋ ಮೇಲು.

ತೋಟಕ್ಕೆ ಇಳಿದಾಗ ಮೊದಲು ಬಳ್ಳಿಯ ಬುಡ ನೋಡಿ. ಸಾಮಾನ್ಯವಾಗಿ ನೆಲದಿಂದ ಸ್ವಲ್ಪ ಮೇಲೆ ಕಾಂಡದಲ್ಲಿ ಒಂದು ದಪ್ಪ ಗಂಟು ಕಾಣುತ್ತದೆ. ಅದು ಕಸಿ ಕಟ್ಟಿದ ಜಾಗ. 1860ರ ದಶಕದಲ್ಲಿ ಅಮೆರಿಕದಿಂದ ಫ್ರಾನ್ಸಿಗೆ ಬಂದ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಬೇರಿನ ರಸ ಹೀರಿ ಯುರೋಪಿನ ತೋಟಗಳನ್ನು ಹಾಳು ಮಾಡಿತು. ಮಣ್ಣಿಗೆ ಔಷಧಿ ಹಾಕಿದರು, ತೋಟದ ತುಂಬ ನೀರು ನಿಲ್ಲುವಂತೆ ಮಾಡಿ ನೋಡಿದರು. ಕೊನೆಗೆ ತೋಟಗಳನ್ನು ಉಳಿಸಿದ್ದು ಅಮೆರಿಕದ ಕಾಡು ಬಳ್ಳಿಗಳ ಬೇರು. ಆ ಬೇರಿಗೆ ಈ ಕೀಟವನ್ನು ತಡೆದುಕೊಳ್ಳುವ ಶಕ್ತಿ ಇತ್ತು. ಕೆಳಗೆ ಅಮೆರಿಕದ ಬೇರು, ಮೇಲೆ ಯುರೋಪಿನ ಬಳ್ಳಿ. ಇವತ್ತು ಪ್ರಪಂಚದಲ್ಲಿ ವೈನಿಗೆ ಬೆಳೆಯುವ ಬಳ್ಳಿಗಳಲ್ಲಿ ಹೆಚ್ಚಿನವು ಹೀಗೇ ಇವೆ. ಗಂಟು ಎಲ್ಲಿದೆ ಅಂತ ತೋಟದವರನ್ನೇ ಕೇಳಿ, ಖುಷಿಯಿಂದ ಬಗ್ಗಿ ತೋರಿಸುತ್ತಾರೆ.

ಬಳ್ಳಿ ನೆಟ್ಟ ತಕ್ಷಣ ವೈನ್ ಬರುವುದಿಲ್ಲ. ಸರಿಯಾದ ಫಸಲು ಸಿಗಲು ಸಾಧಾರಣವಾಗಿ 3 ವರ್ಷ ಬೇಕು. ಆಮೇಲೆ ಅದನ್ನು ವೈನ್ ಮಾಡಿ, ಪೀಪಾಯಿಯಲ್ಲಿಟ್ಟು, ಬಾಟಲಿಗೆ ತುಂಬಿ ಮಾರುವಷ್ಟರಲ್ಲಿ ಇನ್ನೂ ಒಂದೆರಡು ವರ್ಷ ಹೋಗಿರುತ್ತದೆ. ಅಷ್ಟು ದಿನ ಖರ್ಚು ಮಾತ್ರ, ಆದಾಯ ಇಲ್ಲ. ಒಂದು ಸಣ್ಣ ಕುಟುಂಬ ಇದನ್ನು ಹೇಗೆ ತಡೆದುಕೊಂಡಿತು ಅನ್ನುವುದನ್ನು ಅವರ ಬಾಯಲ್ಲೇ ಕೇಳಬೇಕು. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಒಂದೊಂದೇ ಬಳ್ಳಿಯ ಹತ್ತಿರ ನಿಂತು ಕತ್ತರಿಯಿಂದ ಸವರಬೇಕು. ಚಿಗುರೊಡೆಯುವ ಕಣ್ಣುಗಳನ್ನು ಎಷ್ಟು ಉಳಿಸುತ್ತಾರೋ ಅದರ ಮೇಲೆ ಮುಂದಿನ ಫಸಲು. ವಸಂತದಲ್ಲಿ ಚಿಗುರು ಬಂದ ಮೇಲೆ ಒಂದು ರಾತ್ರಿ ಹಿಮ ಬಿದ್ದರೂ ಸಾಕು, ಆ ವರ್ಷದ ಬೆಳೆಯಲ್ಲಿ ದೊಡ್ಡ ಪಾಲು ಹೋದಂತೆ. ಹೂ ಬಿಟ್ಟ ಮೇಲೆ ಕೊಯ್ಲಿಗೆ ಸುಮಾರು 100 ದಿನ ಅಂತ ಒಂದು ಹಳೆಯ ಲೆಕ್ಕ ಇದೆ. ಉತ್ತರ ಗೋಳಾರ್ಧದಲ್ಲಿ ಕೊಯ್ಲು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್, ದಕ್ಷಿಣದಲ್ಲಿ ಫೆಬ್ರವರಿಯಿಂದ ಏಪ್ರಿಲ್. ಆ ದಿನಗಳಲ್ಲಿ ಮನೆಮಂದಿಗೆಲ್ಲ ನಿದ್ದೆ ಇರುವುದಿಲ್ಲ, ಆದ್ದರಿಂದ ನಿಧಾನವಾಗಿ ಮಾತಾಡಬೇಕೆಂದರೆ ಕೊಯ್ಲಿನ ಗಲಾಟೆ ಮುಗಿದ ಮೇಲೆ ಹೋಗುವುದು ಒಳ್ಳೆಯದು.

ಸಣ್ಣವರು, ಹೊಸಬರು ಮಾಡಿದ್ದು ಅಷ್ಟಕ್ಕಷ್ಟೇ ಇರಬಹುದು ಅನ್ನುವ ಅನುಮಾನ ನಿಮಗಿದ್ದರೆ 1976ರಲ್ಲಿ ಏನಾಯಿತು ಅಂತ ನೋಡಿ. ಆ ವರ್ಷ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವೈನ್ ವ್ಯಾಪಾರಿ ಫ್ರಾನ್ಸಿನ ಹೆಸರಾಂತ ವೈನ್‌ಗಳನ್ನೂ ಕ್ಯಾಲಿಫೋರ್ನಿಯಾದ ವೈನ್‌ಗಳನ್ನೂ ಹೆಸರು ಕಾಣದ ಹಾಗೆ ಮುಚ್ಚಿ ಫ್ರೆಂಚ್ ಪರಿಣತರಿಗೆ ಕೊಟ್ಟರು. ಕೆಂಪು ವೈನ್‌ಗಳಲ್ಲಿ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್ ಎಂಬ ವೈನರಿಯವರು 1973ರ ಫಸಲಿನಿಂದ ಮಾಡಿದ, ಕ್ಯಾಬರ್ನೆ ಸೊವಿನ್ಯೋನ್ ಎಂಬ ದ್ರಾಕ್ಷಿ ತಳಿಯ ವೈನ್. ಅದನ್ನು ಮಾಡಿದ ವಾರೆನ್ ವಿನಿಯಾರ್ಸ್ಕಿ ಅದಕ್ಕೂ ಮೊದಲು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ತೋಟ ಹಾಕಿದ್ದು 1970ರಲ್ಲಿ. ಅಂದರೆ 1973ರಲ್ಲಿ ಆ ಬಳ್ಳಿಗಳಿಗೆ ಬರೀ ಮೂರು ವರ್ಷ! ನನಗೆ ಈ ಕಥೆ ತುಂಬಾ ಇಷ್ಟ. ಹಳೆಯ ಬಳ್ಳಿಗೆ ಅದರದೇ ಗುಣ ಇದೆ ನಿಜ, ಫಸಲು ಕಡಿಮೆ, ರಸ ಗಟ್ಟಿ. ಆದರೂ ಬಾಟಲಿ ಮೇಲಿನ ಹೆಸರು ನೋಡಿ ಮೊದಲೇ ತೀರ್ಮಾನ ಮಾಡಬಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ವೈನ್ ಮಾಡುವ ಮನೆಯೊಳಗೆ ಹೋದರೆ ಮೊದಲು ಮೂಗಿಗೆ ಬಡಿಯುವುದು ಹುದುಗಿದ ಹಣ್ಣಿನ ವಾಸನೆ. ಕೆಂಪು ದ್ರಾಕ್ಷಿಯಲ್ಲಿ ಹೆಚ್ಚಿನ ತಳಿಗಳ ರಸಕ್ಕೆ ಬಣ್ಣವೇ ಇಲ್ಲ, ಬಣ್ಣ ಇರುವುದೆಲ್ಲ ಸಿಪ್ಪೆಯಲ್ಲಿ. ಒಂದು ಹಣ್ಣು ಹಿಚುಕಿ ನೋಡಿದರೆ ಗೊತ್ತಾಗುತ್ತದೆ. ಸಿಪ್ಪೆ ಸಮೇತ ಹುದುಗಿಸಿದರೆ ಕೆಂಪು ವೈನ್, ರಸ ಹಿಂಡಿ ಸಿಪ್ಪೆ ತೆಗೆದು ಹುದುಗಿಸಿದರೆ ಬಿಳಿ, ಕೆಲವೇ ಗಂಟೆ ಸಿಪ್ಪೆಯ ಜೊತೆ ಬಿಟ್ಟರೆ ಗುಲಾಬಿ ಬಣ್ಣದ ರೊಸೆ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವಾಗ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ಅದು ಸಿಪ್ಪೆಗಳನ್ನೆಲ್ಲ ಮೇಲಕ್ಕೆ ತಳ್ಳಿ ದಪ್ಪ ಪದರ ಕಟ್ಟಿಸುತ್ತದೆ. ಆ ಪದರವನ್ನು ದಿನಕ್ಕೆ ಎರಡು ಮೂರು ಸಲ ಮತ್ತೆ ಒಳಗೆ ಮುಳುಗಿಸಬೇಕು, ಇಲ್ಲದಿದ್ದರೆ ಬಣ್ಣವೂ ಇಳಿಯುವುದಿಲ್ಲ, ಮೇಲೆ ಹುಳಿಯೂ ಹಿಡಿಯುತ್ತದೆ. ಹೊರಬರುವ ಕಾರ್ಬನ್ ಡೈಆಕ್ಸೈಡ್ ಉಸಿರಾಟಕ್ಕೆ ಅಪಾಯ, ತಗ್ಗಿನಲ್ಲಿ ಶೇಖರವಾಗುತ್ತದೆ. ಹುದುಗುವ ದಿನಗಳಲ್ಲಿ ಮಕ್ಕಳನ್ನು ತೊಟ್ಟಿಗಳ ಹತ್ತಿರ ಬಿಡಬೇಡಿ.

ಒಂದು ವೈನರಿಯಲ್ಲಿ ಮನೆಯ ಮಗಳೇ ನಮ್ಮನ್ನು ಪೀಪಾಯಿಗಳ ಕೋಣೆಗೆ ಕರೆದುಕೊಂಡು ಹೋದರು. ಪೀಪಾಯಿಯ ಬಿರಡೆ ತೆಗೆದು ಉದ್ದನೆಯ ಗಾಜಿನ ಕೊಳವೆ ಇಳಿಬಿಟ್ಟರು. ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಎತ್ತಿದರೆ ಕೊಳವೆ ತುಂಬ ಕಡುಗೆಂಪು ವೈನ್. ಬೆರಳು ಸಡಿಲಿಸಿ ನಮ್ಮ ಗ್ಲಾಸಿಗೆ ಒಂದೊಂದು ಗುಟುಕು ಬಿಟ್ಟರು. ಅದು ಹೊಸ ಪೀಪಾಯಿ. ಲವಂಗ, ವೆನಿಲ್ಲಾ, ಸುಟ್ಟ ಮರದ ವಾಸನೆ ಮುಂದೆ ಬಂತು, ಹಣ್ಣು ಎಲ್ಲೋ ಹಿಂದೆ. ಪಕ್ಕದ್ದು ಹಲವು ವರ್ಷ ಬಳಸಿದ ಪೀಪಾಯಿ. ಅದೇ ತೋಟದ, ಅದೇ ದಿನ ಕೊಯ್ದ ದ್ರಾಕ್ಷಿ, ಆದರೆ ಇಲ್ಲಿ ಬರೀ ಹಣ್ಣು ಮತ್ತು ಹುಳಿ. ಎರಡನ್ನೂ ಒಂದೇ ಗ್ಲಾಸಿನಲ್ಲಿ ಬೆರೆಸಿ ಕೊಟ್ಟು 'ಈಗ ನೋಡಿ' ಅಂದರು. ಹಾಗೆ ಬೆರೆಸಿದ್ದೇ ಮುಂದೆ ಬಾಟಲಿಗೆ ಹೋಗುವುದಂತೆ. ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುತ್ತಾರೆ, ಆ ವಾಸನೆಗಳೆಲ್ಲ ಓಕ್ ಮರದಿಂದ, ಆ ಬೆಂಕಿಯಿಂದ ಬಂದವು, ವರ್ಷ ಕಳೆದಂತೆ ಮರ ಕೊಡುವುದು ಕಡಿಮೆಯಾಗುತ್ತದೆ ಅಂತ ನಾನು ಎಷ್ಟೋ ಸಲ ಓದಿದ್ದೆ. ಆ ಮೂರು ಗುಟುಕಿನಲ್ಲಿ ಅದು ತಿಳಿದಷ್ಟು ಯಾವ ಓದಿನಲ್ಲೂ ತಿಳಿದಿರಲಿಲ್ಲ.

ಬಿರಡೆ ಮುಚ್ಚುವ ಮೊದಲು ಅವರು ನಾವು ತೆಗೆದಷ್ಟು ವೈನನ್ನು ಮತ್ತೆ ತುಂಬಿದರು. ಒಳಗೆ ಗಾಳಿಗೆ ಜಾಗ ಬಿಟ್ಟರೆ ವಿನೆಗರ್ ಆಗುವ ಭಯ. ಮರದ ಮೂಲಕ ಸ್ವಲ್ಪ ಸ್ವಲ್ಪವೇ ಆವಿಯಾಗುತ್ತಲೂ ಇರುತ್ತದೆ, ಅದನ್ನು ಆಗಾಗ ತುಂಬುತ್ತಲೇ ಇರಬೇಕು. ಫ್ರಾನ್ಸಿನ ಬೋರ್ಡೋ ಪ್ರದೇಶದ ಮಾದರಿಯ ಒಂದು ಪೀಪಾಯಿಯಲ್ಲಿ 225 ಲೀಟರ್ ಹಿಡಿಯುತ್ತದೆ, ಅಂದರೆ 750 ಮಿಲಿಲೀಟರಿನ 300 ಬಾಟಲಿ. ಇಪ್ಪತ್ತು ಪೀಪಾಯಿ ಇರುವ ಮನೆಗೆ ಒಂದು ಕೆಟ್ಟರೂ ಎಷ್ಟು ನಷ್ಟ, ಅಲ್ವಾ?

ಇನ್ನು ರುಚಿ ನೋಡುವ ವಿಷಯ. ಇದಕ್ಕೆ ಯಾವ ಪಾಂಡಿತ್ಯವೂ ಬೇಡ. ನಿಮ್ಮ ಬಾಯಿಯೇ ಹೇಳುತ್ತದೆ. ಒಂದು ಗುಟುಕು ತೆಗೆದುಕೊಂಡು ಬಾಯಿ ತುಂಬ ಓಡಾಡಿಸಿ. ಬಾಯಲ್ಲಿ ನೀರೂರಿದರೆ ಅದು ಹುಳಿ. ವಸಡು, ಕೆನ್ನೆಯ ಒಳಭಾಗ ಒಣಗಿ, ಬಲಿಯದ ಬಾಳೆಕಾಯಿ ಕಚ್ಚಿದ ಹಾಗೆ ಒಗರು ಹಿಡಿದರೆ ಅದು ಟ್ಯಾನಿನ್, ಸಿಪ್ಪೆ, ಬೀಜ ಮತ್ತು ಮರದಿಂದ ಬರುವಂಥದ್ದು. ಗಂಟಲು ಬೆಚ್ಚಗಾದರೆ ಆಲ್ಕೋಹಾಲ್. ಈ ಮೂರೂ ಹಣ್ಣಿನ ರುಚಿಯೂ ಒಂದನ್ನೊಂದು ತುಳಿಯದೆ ಹೊಂದಿಕೊಂಡಿದ್ದರೆ ಅದು ಒಳ್ಳೆಯ ವೈನ್. ನನ್ನ ಮಟ್ಟಿಗೆ ಇದೇ ಅಳತೆ. ಮೂಗನ್ನು ಬೆರಳಿನಿಂದ ಹಿಡಿದು ಒಂದು ಗುಟುಕು ಕುಡಿದು, ಆಮೇಲೆ ಮೂಗು ಬಿಡಿ. ಇಲ್ಲದ ರುಚಿ ಒಮ್ಮೆಲೇ ಬರುತ್ತದೆ. ನಾವು ರುಚಿ ಅನ್ನುವುದರಲ್ಲಿ ಬಹುಪಾಲು ವಾಸನೆ, ಗಂಟಲ ಹಿಂದಿನಿಂದ ಮೂಗಿಗೆ ಹೋಗುವಂಥದ್ದು. ಅದಕ್ಕೇ ಆ ದಿನ ಸೆಂಟ್ ಹಾಕಿಕೊಂಡು ಹೋಗಬೇಡಿ, ಪಕ್ಕದವರಿಗೂ ತೊಂದರೆ.

ಬಿಳಿ ವೈನ್ ಫ್ರಿಜ್ಜಿನಿಂದ ತೆಗೆದ ತಕ್ಷಣ ತುಂಬಾ ತಣ್ಣಗಿರುತ್ತದೆ, ವಾಸನೆ ಏಳುವುದಿಲ್ಲ. 8ರಿಂದ 12 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ, ಸ್ವಲ್ಪ ಹೊತ್ತು ಗ್ಲಾಸನ್ನು ಅಂಗೈಯಲ್ಲಿ ಹಿಡಿದರೆ ಸಾಕು. ಕೆಂಪಿಗೆ 15ರಿಂದ 18. ಒದ್ದೆ ರಟ್ಟಿನ ವಾಸನೆ ಬಂದರೆ ಸಂಕೋಚ ಬಿಟ್ಟು ಹೇಳಿ. ಅದು ಕಾರ್ಕಿನಿಂದ ಬರುವ ದೋಷ, ವೈನ್ ಮಾಡಿದವರ ತಪ್ಪಲ್ಲ. ಇನ್ನೊಂದು ಬಾಟಲಿ ತೆರೆಯುತ್ತಾರೆ. ಸಾಧ್ಯವಾದರೆ ಒಂದೇ ತಳಿಯ ಎರಡು ವರ್ಷದ ವೈನ್‌ಗಳನ್ನು ಅಕ್ಕಪಕ್ಕ ಇಟ್ಟು ಕೊಡಿ ಅಂತ ಕೇಳಿ. ಬೇರೆ ಬೇರೆ ಹತ್ತು ಬಗೆ ನೋಡುವುದಕ್ಕಿಂತ ಇದರಲ್ಲಿ ಕಲಿಯುವುದು ಜಾಸ್ತಿ. ಅಲ್ಲೇ ಒಂದು ಪಾತ್ರೆ ಇಟ್ಟಿರುತ್ತಾರೆ, ಉಗುಳುವುದಕ್ಕೆ. ದಯವಿಟ್ಟು ಬಳಸಿ. ಅದರಿಂದ ಯಾರಿಗೂ ಬೇಸರವಾಗುವುದಿಲ್ಲ, ವೈನ್ ಮಾಡುವವರೇ ದಿನವೂ ಹಾಗೆ ಮಾಡುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಮಾತು, ಇದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ವೈನ್ ತಿಳಿಯಾಗಲಿ ಅಂತ ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸೀನ್ ಎಂಬ ಪ್ರೊಟೀನ್, ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆದ ಜೆಲಟಿನ್, ಇಲ್ಲವೇ ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಬಳಸುತ್ತಾರೆ. ಅದು ಗಷ್ಟು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ, ಆಮೇಲೆ ಬೇರ್ಪಡಿಸುತ್ತಾರೆ. ಬಾಟಲಿಯ ಚೀಟಿ ನೋಡಿದರೆ ಇದು ಗೊತ್ತಾಗದೆ ಹೋಗಬಹುದು. ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಸುವವರೂ ಇದ್ದಾರೆ, ಏನೂ ಹಾಕದೆ ತಾನಾಗೇ ತಿಳಿಯಾಗಲು ಬಿಡುವವರೂ ಇದ್ದಾರೆ. ಸಣ್ಣ ವೈನರಿಯಲ್ಲಿ ನೇರವಾಗಿ ಕೇಳಬಹುದು, ಯಾವ ಪೀಪಾಯಿಗೆ ಏನು ಹಾಕಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ವೈನ್ ಕುಡಿಯದವರು ನಾವೇಕೆ ಬರಬೇಕು ಅನ್ನಬೇಡಿ. ತೋಟ, ಕಸಿ, ಪೀಪಾಯಿ, ಆ ಮನೆಯವರ ಮಾತು, ಇಷ್ಟಕ್ಕೆ ಒಂದು ತೊಟ್ಟೂ ಕುಡಿಯಬೇಕಾಗಿಲ್ಲ. ಮೂಸಿ ನೋಡುವುದರಲ್ಲೇ ಅರ್ಧ ಸಂತೋಷ ಇದೆ. ಕುಡಿಯುವವರು ಕುಡಿಯದವರನ್ನು ಒತ್ತಾಯ ಮಾಡುವುದು ಮಾತ್ರ ಬೇಡ.

ಮುಂದಿನ ಸಲ ಸಂಘದಿಂದ ಹೊರಡುವಾಗ ಒಂದು ಬಸ್ ತುಂಬ ಜನ ಹೋಗುವುದು ಬೇಡ ಅನ್ನುವುದು ನನ್ನ ಸಲಹೆ. ಎಂಟು ಹತ್ತು ಜನರ ಗುಂಪುಗಳಾಗಿ, ಬೇರೆ ಬೇರೆ ದಿನ ಹೋಗೋಣ. ಸಣ್ಣ ಕಡೆ ಮೊದಲೇ ಫೋನ್ ಮಾಡಿ ಹೇಳಬೇಕು, ಎಷ್ಟು ಜನ ಅಂತ ಸರಿಯಾಗಿ ತಿಳಿಸಬೇಕು, ಹೇಳಿದ ಹೊತ್ತಿಗೆ ಹೋಗಬೇಕು, ಯಾಕೆಂದರೆ ನಮಗಾಗಿ ಒಬ್ಬರು ತೋಟದ ಕೆಲಸ ಬಿಟ್ಟು ಬಂದಿರುತ್ತಾರೆ. ಇಷ್ಟವಾದ ವೈನ್ ಸಿಕ್ಕರೆ ಅಲ್ಲೇ ಕೊಳ್ಳಿ. ಅಂಗಡಿಯಲ್ಲಿ ಮಾರಿದರೆ ನಡುವಿನವರ ಪಾಲು ಹೋಗಿ ಅವರಿಗೆ ಉಳಿಯುವುದು ಸ್ವಲ್ಪ, ಬಾಗಿಲಲ್ಲಿ ಮಾರಿದ್ದು ನೇರ ಅವರ ಕೈಗೆ ಹೋಗುತ್ತದೆ. ಬರುವ ಮನಸ್ಸಿರುವವರು ಸಂಘಕ್ಕೆ ಹೆಸರು ಕೊಡಿ. ಒಂದೊಂದು ಕಾರಿಗೆ ಆ ದಿನ ಒಂದು ಹನಿಯನ್ನೂ ಕುಡಿಯದೆ ಗಾಡಿ ಓಡಿಸುವ ಒಬ್ಬರು ಬೇಕು. ಅದಕ್ಕೆ ಒಪ್ಪುವವರು ಮೊದಲು ತಿಳಿಸಿ, ಅವರು ಸಿಕ್ಕ ಮೇಲೆಯೇ ದಿನ ಗೊತ್ತು ಮಾಡುತ್ತೇವೆ.

ಸಂಪಾದಕರು